ಟಂಟಂ ಗಾಡಿಯ ಮೂರನೇ ಪೋಂ

ಕೂತವರು ಹಾಗೇ ಕೂತಿರಿ, ನಿಂತವರು ಗೋಡೆಗೆ ಆತುಕೊಳ್ಳಿ, ಆಕಳಿಕೆ ಬಂದವರು ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ತೆರೆದ ಬಾಯಿ ಕಂಡರೆ ಕತೆ ಒಳಗೆ ನುಗ್ಗಿ ಗೂಡು ಕಟ್ಟುತ್ತದೆ. ಆಮೇಲೆ ಅದನ್ನು ತೆಗೆಯೋದಕ್ಕೆ ಫಿಟ್ಟರ್‌ನ ಕರೆಸಬೇಕಾಗುತ್ತದೆ.

ಒಂದಾನೊಂದು ನಾಡು. ಅದರ ಹೆಸರು ಕೇಳಬೇಡಿ, ಹೆಸರು ಬಾಯಿಗೆ ಬಾರದ್ದೇ ಈ ಕತೆ. ಆ ನಾಡಿಗೆ ಟಂಟಂ ಗಾಡಿ ಬಂದಿತ್ತು, ಫೋನು ಇನ್ನೂ ಬಂದಿರಲಿಲ್ಲ. ಹಂಗೂ ಇರ್ತದಾ? ಕತೆಯಲ್ಲಿ ಇರ್ತದೆ, ಸುಮ್ಮನೆ ಕೇಳಿ.

ಅಲ್ಲೊಂದು ನೇಕಾರರ ಊರು. ಅಲ್ಲಿ ನಿಂಬೆವ್ವ ಅಂತ ಒಬ್ಬಳು, ಕೈಮಗ್ಗದಲ್ಲಿ ಸೀರೆ ನೇಯುವವಳು. ಅವಳ ಗಂಡ ಮೂರು ಗಾಲಿಯ ಟಂಟಂ ಓಡಿಸುವವನು. ಆರು ಜನ ಕೂರುವಲ್ಲಿ ಹದಿನಾರು ಜನರನ್ನು ತುಂಬಿ, ಹದಿನೇಳನೆಯವನಿಗೂ "ಬರ್ರಿ, ಜಾಗಾ ಐತಿ" ಅನ್ನುವವನು. ಹೆಸರು ಗಣಪ್ಪ. ನಾವು ಸಲೀಸಾಗಿ ಅಂದುಬಿಟ್ಟೆವು. ನಿಂಬೆವ್ವ ಅನ್ನುವಂತಿಲ್ಲ. ಆ ಊರಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವಂತಿಲ್ಲ. ಹಿಡಿಯಲೇಬೇಕಾದರೆ ಒಡಪು ಕಟ್ಟಿ, ಮೂರು ಸಾಲಿನ ಪದ್ಯದ ಮಡಿಲಲ್ಲಿ ಹೆಸರನ್ನು ಬಚ್ಚಿಟ್ಟು ಹೇಳಬೇಕು. ನಿಂಬೆವ್ವ ಮದುವೆಯ ದಿನ ಎರಡು ಸಾಲು ಹೇಳಿ, ಮೂರನೆಯ ಸಾಲಿಗೆ ನಾಚಿ ಬಾಯಿಗೆ ಸೆರಗು ತುರುಕಿಕೊಂಡಳು. ಐದು ವರ್ಷವಾದರೂ ಆ ಸೆರಗು ಹೊರಗೆ ಬಂದಿರಲಿಲ್ಲ.

ಇದರ ಮೇಲೊಂದು ತೊಡಕು. ಗಂಡನ ಹೆಸರೂ ದೇವರ ಹೆಸರೂ ಒಂದೇ ಆಯಿತಲ್ಲ, ಹಾಗಾಗಿ ದೇವರಿಗೂ ಅವಳ ಬಾಯಲ್ಲಿ ಹೆಸರಿಲ್ಲ. ದೇವರು ಅಂದರೆ 'ಇಲಿ ಮ್ಯಾಲಿನಾತ'. ಗಂಡ ಅಂದರೆ 'ಟಂಟಂ ಮ್ಯಾಲಿನವರು'. ದೇವರಿಗೆ ಏಕವಚನ, ಗಂಡನಿಗೆ ಬಹುವಚನ.

ಗಣಪ್ಪನಿಗೆ ಮೊದಮೊದಲು ಇದು ತಮಾಷೆ. ದಿನಾ ಊರ ಹೊರಗಿನ ತಿರುವಿಗೆ ಬಂದಾಗ ಮೂರು ಸಲ ಹಾರ್ನ್ ಒತ್ತುತ್ತಿದ್ದ. ಪೋಂ, ಪೋಂ, ಪೋಂ. ಮನೆಗೆ ಬಂದು ಹೇಳುತ್ತಿದ್ದ: "ಗ, ಣ, ಪ್ಪ. ನೀ ಅನ್ನೂದಿಲ್ಲ, ನನ್ನ ಗಾಡಿ ಅಂತೈತಿ ನೋಡು." ಆ ಮೂರು ಪೋಂ ಕೇಳಿದರೆ ನಿಂಬೆವ್ವ ಲಾಳಿಯನ್ನು ಅಲ್ಲೇ ಬಿಟ್ಟು ಚಹಾಕ್ಕೆ ನೀರಿಡುತ್ತಿದ್ದಳು.

ತಮಾಷೆ ಹುಳಿಯಾದದ್ದು ಸಂತೆಯಲ್ಲಿ. ಗಣಪ್ಪ ಮೆಣಸಿನಕಾಯಿ ರಾಶಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಹಗ್ಗ ಹರಿದುಕೊಂಡ ಗೂಳಿಯೊಂದು ಅವನ ಬೆನ್ನಿಗೇ ಗುರಿಯಿಟ್ಟು ಬಂತು. ದೂರದಲ್ಲಿದ್ದ ನಿಂಬೆವ್ವ ಕಂಡಳು. ಕರೆಯಬೇಕು. ಏನಂತ ಕರೆಯುತ್ತಾಳೆ? "ಏನ್ರೀ, ಏನ್ರೀ" ಅಂತ ಕೂಗಿದಳು. ಸಂತೆಯಲ್ಲಿದ್ದ ನಲವತ್ತು ಗಂಡಸರು ತಿರುಗಿ ನೋಡಿದರು. ತಿರುಗದವನು ಗಣಪ್ಪ ಒಬ್ಬನೇ. ಗೂಳಿ ಅವನನ್ನು ಎತ್ತಿ ಮೆಣಸಿನಕಾಯಿ ರಾಶಿಯೊಳಗೆ ಒಗೆಯಿತು. ಮೈಗೆ ಪೆಟ್ಟಾಗಲಿಲ್ಲ. ಮೂರು ದಿನ ಸೀನಿದ, ಅಷ್ಟೇ. ಆದರೆ ಊರು ನಕ್ಕಿತು ನೋಡಿ, ಅದರ ಘಾಟು ಮೂಗಿನಿಂದ ಇಳಿಯಲಿಲ್ಲ.

ಅದಾದ ವಾರಕ್ಕೆ ಚೌತಿ ಬಂತು. ಮನೆಯಲ್ಲಿ ದೇವರನ್ನು ಕೂರಿಸಿದರು, ಓಣಿಯ ಹೆಂಗಸರು ಸೇರಿದರು. ನಿಂಬೆವ್ವ ತಟ್ಟೆ ಹಿಡಿದು, ಇಲಿ ಮ್ಯಾಲಿನಾತಗ ಆರತಿ ಎತ್ತೋಣು ಬರ್ರಿ ಅಂದಳು. ಪಕ್ಕದ ಮನೆಯ ಮುದುಕಿ ಹೊನ್ನವ್ವಾಯಿ ಬೊಚ್ಚು ಬಾಯಿ ತೆರೆದು, ಈಕಿ ಮನ್ಯಾಗ ಇಲಿಗೆ ಹೆಸರೈತಿ, ಗಂಡಗಿಲ್ಲ ನೋಡ್ರಬೇ ಅಂದಳು. ಎಲ್ಲರೂ ನಕ್ಕರು. ನಗೋ ಮಾತೇ ಅದು, ನೀವೂ ನಕ್ಕಿರಿ.

ಬಾಗಿಲಲ್ಲಿ ನಿಂತಿದ್ದ ಗಣಪ್ಪ ನಗಲಿಲ್ಲ. ಹೆಂಗಸರೆಲ್ಲ ಹೋದ ಮೇಲೆ ಮೆತ್ತಗೆ ಕೇಳಿದ: "ಗೂಳಿ ಬಂದಾಗೂ ನಿನ್ನ ಬಾಯಾಗ ನಾ ಬರಲಿಲ್ಲ. ಇನ್ ಯಾವಾಗ ಬರ್ತೀನಿ?"

ನಿಂಬೆವ್ವನ ಹತ್ತಿರ ಉತ್ತರ ಇತ್ತು. ಬಾಯಲ್ಲಿ ಸೆರಗೂ ಇತ್ತು. ಗಣಪ್ಪ ಕಡುಬು ಮುಟ್ಟಲಿಲ್ಲ. ಟಂಟಂ ಗಾಡಿಯನ್ನು ಮನೆ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಚಾವಿಯನ್ನು ದೀಪದ ಗೂಡಿನಲ್ಲಿಟ್ಟು, ನಡೆದುಕೊಂಡೇ ಹೊರಟುಹೋದ.

ಮಾರನೇ ದಿನ ಇಲಿವಾರ. ನೇಕಾರರ ಊರಲ್ಲಿ ಅದು ದೊಡ್ಡ ದಿನ. ಇಲಿ ನೂಲು ಕಡಿಯದಿರಲಿ ಅಂತ ಅವತ್ತು ಮಗ್ಗ ನಿಲ್ಲಿಸುತ್ತಾರೆ, ಕತ್ತರಿ ಮುಚ್ಚಿಡುತ್ತಾರೆ, ಮಗ್ಗದ ಬುಡದಲ್ಲಿ ಇಲಿರಾಯನಿಗೆ ಕಡುಬಿನ ಎಡೆ ಇಡುತ್ತಾರೆ. ನಿಂಬೆವ್ವ ಎಡೆಯನ್ನು ಮಗ್ಗಕ್ಕಿಡಲಿಲ್ಲ. ಹೋಗಿ ಟಂಟಂನ ಡ್ರೈವರ್ ಸೀಟಿನ ಮೇಲಿಟ್ಟಳು. ಏನಬೇ ಇದು ಹೊಸಾ ಪದ್ಧತಿ ಅಂತ ಹೊನ್ನವ್ವಾಯಿ ಕೇಳಿದ್ದಕ್ಕೆ, ಇಲಿರಾಯ ಇನ್ನ ಮ್ಯಾಲೆ ಇಲ್ಲೇ ಇರಲಿ, ಮಗ್ಗದ ತಂಟೆಗೆ ಬರೂದು ಬ್ಯಾಡ ಅಂದಳು.

ಸುಳ್ಳು. ಆ ಕಡುಬು ಇಲಿಯದಲ್ಲ. ಅವನು ಮುಟ್ಟದೆ ಬಿಟ್ಟುಹೋದ ಪಾಲು ಅದು. ಬಂದವನು ಮೊದಲು ತನ್ನ ಸೀಟಿಗೇ ಹತ್ತುತ್ತಾನೆ, ತಿನ್ನುತ್ತಾನೆ ಅಂತ ಇಟ್ಟದ್ದು.

ಎಡೆ ಇಡುವಾಗ ಅವಳು ಒಂದು ಕಡೆ ನೋಡಲಿಲ್ಲ. ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಹೆಬ್ಬೆರಳಷ್ಟು ಗಣಪ್ಪನ ಮೂರ್ತಿಯ ಕೆಳಗೆ ಮಡಚಿದ ಒಂದು ಚೀಟಿ ಇತ್ತು. ಅದರಲ್ಲಿ ಏನಿತ್ತು? ತಡೀರಿ. ಮಧ್ಯಾಹ್ನದ ಹೊತ್ತಿಗೆ ಕಡುಬೂ ಇರಲಿಲ್ಲ, ಚೀಟಿಯೂ ಇರಲಿಲ್ಲ.

ಖಾಲಿ ತಟ್ಟೆ ಕಂಡು, ಬಂದಾರ ಅಂದುಕೊಂಡಳು ನಿಂಬೆವ್ವ. ಓಣಿಯ ಈ ತುದಿ ಆ ತುದಿ ನೋಡಿದಳು. ಯಾರೂ ಇಲ್ಲ. ಸೀಟಿನ ಕೆಳಗಿಂದ ಒಂದು ಮೀಸೆ ಆಡಿತು.

ಗೊತ್ತಾದ ಮೇಲೆ ನಿಲ್ಲಿಸಬೇಕಿತ್ತಲ್ಲ? ನಿಲ್ಲಿಸಲಿಲ್ಲ. ದಿನಾ ಅವನ ಪಾಲಿನ ರೊಟ್ಟಿ ಅವನ ಸೀಟಿಗೆ ಹೋಯಿತು. ಇಲಿಗೆ ಇನ್ನೇನು ಬೇಕು? ಗಣಪ್ಪ ದೇವರು ಇಲಿ ಮೇಲೆ, ಇಲಿ ಟಂಟಂ ಮೇಲೆ. ಸೀಟಿನ ಸ್ಪಂಜು ಕಿತ್ತು ಹಾಸಿಗೆ ಮಾಡಿತು. ಅವನ ಟವೆಲ್ ಹರಿದು ಹೊದಿಕೆ ಮಾಡಿತು. ಎಂಜಿನ್ನಿನ ಸಂದಿಯಲ್ಲಿ ಗೂಡು ಕಟ್ಟಿತು. ಹಲ್ಲು ಕೆರೆದಾಗಲೆಲ್ಲ ವೈರು ಕಡಿಯಿತು.

ಒಂದು ದಿನ ನಡುಮಧ್ಯಾಹ್ನ, ನಿಂಬೆವ್ವ ನೇಯುತ್ತಿದ್ದಾಳೆ. ಹೊರಗೆ ಪೋಂ ಅಂತು. ಲಾಳಿ ಕೈತಪ್ಪಿ ಎಳೆ ಹರಿಯಿತು. ಬರಿಗಾಲಲ್ಲಿ ಓಡಿಬಂದಳು. ಬಾಯಿಗೆ ತಾನಾಗೇ ಬಂತು: "ಗ..." ಸೀಟು ಖಾಲಿ. ಉಳಿದದ್ದನ್ನು ನುಂಗಿಕೊಂಡಳು.

ಫಿಟ್ಟರ್ ಮೀರಾಸಾಬ ಬಂದು ಸೀಟು ಎತ್ತಿ ನೋಡಿದ. ಹಾರ್ನಿನ ವೈರಿನ ಸಿಪ್ಪೆಯನ್ನು ಇಲಿ ಸುಲಿದಿದೆ, ಒಳಗಿನ ತಂತಿ ತಗಡಿಗೆ ತಾಗಿದಾಗ ಕೂಗುತ್ತದೆ, ಅದರೊಳಗೆ ಯಾರೂ ಇಲ್ಲ ಅಂದ. ಇವತ್ತೇ ಗೂಡು ತೆಗೆದುಬಿಡಲಾ ಅಂತ ಕೇಳಿದ. ನಿಂಬೆವ್ವ ಬ್ಯಾಡ ಅಂದಳು. ಇಲಿವಾರದ ದಿನ ತಾನೇ ಎಡೆ ಇಟ್ಟು ಕರೆದ ನೆಂಟರು, ಮುಂದಿನ ಇಲಿವಾರದ ತನಕ ಎಬ್ಬಿಸುವಂತಿಲ್ಲ ಅಂದಳು. ಅಕ್ಕಾ, ಅಲ್ಲೀ ತನಕ ಇವು ಗಾಡೀನ ಉಣ್ತಾವ ಅಂದ ಅವನು. ಉಣ್ಣಲಿ ಅಂದಳು ಇವಳು.

ನಿಮಗೆ ತಿಳಿಯಿತಲ್ಲ ಯಾಕೆ ಅಂತ? ಒಂದು ಪೋಂ ಬಂದಿದೆ. ಇನ್ನೆರಡು ಬಾಕಿ ಇದೆ.

ಎರಡನೆಯದು ದೀಪ ಹಚ್ಚೋ ಹೊತ್ತಿಗೆ ಬಂತು. ಪೋಂ. ಕೈಯಲ್ಲಿ ಕಡ್ಡಿ ಉರಿಯುತ್ತಿರುವಾಗಲೇ ಓಡಿದಳು. "ಗಣ..." ಅಂದಳು. ಗಾಳಿಗೆ ಕಡ್ಡಿ ಆರಿತು, ಮಾತೂ ಆರಿತು.

ಮೂರನೆಯದಕ್ಕೆ ಕಾದಳು. ದಸರೆ ಹೋಯಿತು, ದೀಪಾವಳಿ ಹೋಯಿತು. ಬೆಳಿಗ್ಗೆ ಎದ್ದವಳು ಮೊದಲು ಗಾಡಿಯ ಮುಖ ನೋಡುತ್ತಿದ್ದಳು. ಮಗ್ಗದ ಸದ್ದಿಗೆ ಪೋಂ ಎಲ್ಲಿ ಕೇಳಿಸದೆ ಹೋಗುತ್ತದೋ ಅಂತ ನಾಲ್ಕು ಸಲ ಲಾಳಿ ಹಾಕಿ ಒಂದು ಸಲ ಕಿವಿಗೊಡುತ್ತಿದ್ದಳು. ಮೂರನೇ ಪೋಂ ಬರಲೇ ಇಲ್ಲ. ವೈರು ಪೂರ್ತಿ ಹರಿದಿತ್ತು.

ಇನ್ನು ಹುಡುಕಲೇಬೇಕಾಯಿತು. ಸುತ್ತಲೂ ಏಳು ಊರು. ಮೊದಲ ಊರಿನ ಬಾವಿಕಟ್ಟೆಯಲ್ಲಿ, ನಮ್ಮ ಮನಿಯವರು ಬಂದಾರೇನು ಅಂತ ಕೇಳಿದಳು. ಯಾರವಾ ನಿಮ್ಮ ಮನಿಯವರು ಅಂದರು. ನಮ್ಮ ಮನಿಯವರು ಅಂದಳು. ಅವರು ನೀರು ಹೊತ್ತುಕೊಂಡು ಹೋದರು. ಎರಡನೇ ಊರಿನಲ್ಲಿ ಟಂಟಂ ಮ್ಯಾಲಿನವರು ಅಂದಳು. ಅಲ್ಲಿ ಅಂಥವರು ಹನ್ನೆರಡು ಮಂದಿ ಸಾಲಾಗಿ ನಿಂತು, ಎಲ್ಲಿಗೆ ಹೋಗಬೇಕವಾ ಅಂದರು. ಮೂರನೇ ಊರಿನಲ್ಲಿ ನಾಚಿಕೆ ಬಿಟ್ಟು, ಇಲಿ ಮ್ಯಾಲಿನಾತನ ಹೆಸರಿನವರು ಅಂದಳು. ಅವರು ಭಕ್ತಿಯಿಂದ ಅವಳನ್ನು ಗುಡಿಗೆ ಕರೆದೊಯ್ದು ಬಿಟ್ಟರು. ಎದುರಿಗೆ ಕಲ್ಲಿನ ಗಣಪ್ಪ. ಅವನ ಕಾಲ ಬಳಿ ಕಲ್ಲಿನ ಇಲಿ. ಇದು ಒಂದು ವೈರನ್ನೂ ಕಡಿದಿಲ್ಲವಲ್ಲ ಅಂತ ಅನ್ನಿಸಿ ನಿಂಬೆವ್ವ ಕಂಬಕ್ಕೆ ಒರಗಿ ಅತ್ತಳು. ಅಲ್ಲಿಂದ ಮನೆಗೆ ಬಂದಳು.

ವರ್ಷ ತಿರುಗಿತು. ಚೌತಿ ಆಯಿತು, ಇಲಿವಾರ ಬಂತು. ಮೀರಾಸಾಬ ನಟ್ಟು ಬಿಚ್ಚುವ ಪಾನಾ ಹಿಡಿದು ಬಂದ. ನಿಂಬೆವ್ವ, ತಡಿ ಅಣ್ಣಾ, ಬರಿಗೈಯಲ್ಲಿ ಕಳಿಸಬಾರದು ಅಂದಳು. ಬುಟ್ಟಿಯಲ್ಲಿ ಅಕ್ಕಿ, ಕೊಬ್ಬರಿ, ಎರಡು ಕಡುಬು ಹಾಕಿ, ತವರಿಂದ ಹೊರಟ ಮಗಳಿಗೆ ತುಂಬುವ ಹಾಗೆ ಇಲಿಗೆ ಉಡಿ ತುಂಬಿದಳು. ಫಿಟ್ಟರ್ ಜೀವಮಾನದಲ್ಲಿ ಎಷ್ಟೋ ರಿಪೇರಿ ಮಾಡಿದ್ದ, ಇಂಥದ್ದು ಮಾಡಿರಲಿಲ್ಲ. ಸೀಟು ಎತ್ತಿದರು. ಗೂಡಿನಲ್ಲಿ ತಾಯಿ ಇಲಿ, ಹೆಸರುಕಾಳಿನಷ್ಟು ಕಣ್ಣಿನ ಐದು ಮರಿ. ಇಡೀ ಗೂಡನ್ನೇ ಎತ್ತಿ ಬುಟ್ಟಿಗಿಳಿಸುವಾಗ ಮರಿಗಳ ಕೆಳಗಿಂದ ಒಂದು ಕಾಗದದ ಚೂರು ಜಾರಿತು.

ನಿಂಬೆವ್ವ ನಾಲ್ಕನೆಯ ಇಯತ್ತೆ ಕಲಿತವಳು. ಅಕ್ಷರ ಗುರುತು ಹತ್ತಿತು. ಬೆರಳಿಟ್ಟು ಓದಿದಳು. "...ಪುರದಾಗ ಇರ್ತೀನಿ. ಸಿಟ್ಟಿಲ್ಲ. ಬಂದು ಒಮ್ಮೆ ಹೆಸರ ಹಿಡದು ಕರಿ. ಕಾಯ್ತೀನಿ."

ಕೇಳಿದಿರಾ? ಇವಳು ಇಲ್ಲಿ ಪೋಂ ಕಾಯುತ್ತಿದ್ದಳು. ಅವನು ಅಲ್ಲಿ ಹೆಸರು ಕಾಯುತ್ತಿದ್ದ. ಓದಿಯೂ ಬರಲಿಲ್ಲ ಅಂದುಕೊಂಡು ದಿನ ಎಣಿಸುತ್ತಿದ್ದ. ನಡುವೆ ಇಲಿ ಆ ಚೀಟಿ ಹಾಸಿಕೊಂಡು ಬಾಣಂತನ ಮಾಡಿಕೊಂಡಿತ್ತು. ಅದನ್ನು ಅಲ್ಲಿ ಸಾಕಿದವಳು ಯಾರು? ರೊಟ್ಟಿ ಹಾಕಿದವಳು ಯಾರು? ನಿಂಬೆವ್ವ ಆ ಚೂರನ್ನು ಎದೆಗೊತ್ತಿಕೊಂಡು ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

ಯಾವ ಪುರ? ಇಲಿ ಹೆಸರಿನ ತಲೆ ತಿಂದು ಬಾಲ ಬಿಟ್ಟಿತ್ತು. ಸುತ್ತಲಿನ ಏಳು ಊರಿಗೂ ಬಾಲ ಒಂದೇ, ಪುರ. ಹೊನ್ನವ್ವಾಯಿಗೂ ಆಗ ಕುಹಕ ಹುಟ್ಟಲಿಲ್ಲ. ಅವಳ ತಲೆ ಸವರಿ, ಐದನೇ ದಿನಕ್ಕೆ ಏಳೂರಿನ ದೇವರೂ ಒಂದೇ ಕೆರಿಗೆ ಬರ್ತಾವಲ್ಲಬೇ, ಹೊರೂ ಗಂಡಸರೆಲ್ಲ ಬಂದ ಬರ್ತಾರ ಅಂದಳು.

ಮೀರಾಸಾಬ ಮೂರು ದಿನ ಗಾಡಿಯ ಹೊಟ್ಟೆಯೊಳಗೇ ಇದ್ದ. ಐದನೇ ದಿನ ಎಂಜಿನ್ ಕೆಮ್ಮಿ ಎದ್ದಿತು. ಎಲ್ಲಾ ಆತು ಅಕ್ಕಾ, ಹಾರ್ನ್ ಒಂದು ಉಳೀತು ಅಂದ.

"ಅದನ್ನ ನಾ ನೋಡ್ಕೋತೀನಿ" ಅಂದಳು ನಿಂಬೆವ್ವ.

ಕೆರೆಯ ದಂಡೆ ಅಂದರೆ ದಂಡೆ. ಏಳು ಊರಿನ ಏಳು ಗಣಪ್ಪ, ಡೊಳ್ಳು, ಹಲಗೆ, ಗುಲಾಲು. ಏಳುನೂರು ಬಾಯಿ ಒಂದೇ ಹೆಸರು ಕೂಗುತ್ತಿದೆ: ಗಣಪ್ಪ, ಗಣಪ್ಪ, ಮುಂದಿನ ವರ್ಷ ಮತ್ತ ಬಾ. ಆರು ವರ್ಷ ಒಬ್ಬಳ ಬಾಯಿಗೆ ಬಾರದ ಹೆಸರು ಅಲ್ಲಿ ಪಾಪಡಿ ಮಾರುವವನ ಬಾಯಲ್ಲೂ ಇದೆ. ಮೀರಾಸಾಬ ಗಾಡಿಯನ್ನು ದಂಡೆಯ ಅಂಚಿಗೆ ತಂದು ನಿಲ್ಲಿಸಿದ. ನಿಂಬೆವ್ವ ಇಲಿ ತಿಂದ ಸೀಟಿನ ಮೇಲೆ ಹತ್ತಿ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ವರ್ಷವಿಡೀ ಮಗ್ಗದಲ್ಲಿ ಕೂತು ಕಟ್ಟಿದ್ದ ಒಡಪು ಹೇಳಿದಳು.

"ಟಂಟಂದೊಳಗಿನ ತಂತಿ ಇಲಿಗೆ ತುತ್ತು,
ದಾರಿ ನೋಡೂದ್ರಾಗ ಮುಳಗ್ತು ಹೊತ್ತು..."

ಮದುವೆಯ ದಿನ ನಿಂತ ಜಾಗ ಇದೇ. ಮೂರನೆಯ ಸಾಲು.

"ಗ" ಅಂದಳು. ಅದೇ ಅವಳ ಮೊದಲನೇ ಪೋಂ. "ಣ" ಅಂದಳು. ಅದೇ ಎರಡನೇ ಪೋಂ. ಮೀರಾಸಾಬ ಅಭ್ಯಾಸ ಬಲದಿಂದ ಹಾರ್ನ್ ಒತ್ತಿದ. ಅದು ಸತ್ತಿತ್ತು.

"ಪ್ಪ" ಅಂತ ನಿಂಬೆವ್ವ ತಾನೇ ಮುಗಿಸಿದಳು. "ಗಣಪ್ಪನ ಹೆಸರ ನನ್ನ ಬಾಯಾಗಿನ ಮುತ್ತು."

ಆವತ್ತು ಸಂತೆಯಲ್ಲಿ ಏನ್ರೀ ಅಂದಾಗ ನಲವತ್ತು ಜನ ತಿರುಗಿದ್ದರು, ಒಬ್ಬ ತಿರುಗಿರಲಿಲ್ಲ. ಇವತ್ತು ಏಳುನೂರು ಜನರಲ್ಲಿ ಯಾರೂ ತಿರುಗಲಿಲ್ಲ. ಯಾಕೆ ತಿರುಗುತ್ತಾರೆ, ಎಲ್ಲರೂ ಕೂಗುತ್ತಿದ್ದದ್ದು ಅದನ್ನೇ. ಎದೆಮಟ್ಟದ ನೀರಲ್ಲಿ ದೇವರ ಮಣೆಯ ಒಂದು ಮೂಲೆ ಹಿಡಿದು ನಿಂತಿದ್ದ ಒಬ್ಬ ಮಾತ್ರ ತಿರುಗಿದ. ತಿರುಗಿದವನು ಮೂಲೆ ಬಿಟ್ಟ. ಆ ಊರಿನ ಗಣಪ್ಪ ಅವತ್ತು ಅಡ್ಡಡ್ಡ ಮುಳುಗಿದ. ದೇವರು ಬೇಸರ ಮಾಡಿಕೊಂಡಿರಲಿಕ್ಕಿಲ್ಲ, ಹೆಸರು ತನ್ನದೇ ಅಲ್ಲವೇ?

ನೀರು ಸುರಿಸಿಕೊಂಡು ದಂಡೆ ಹತ್ತಿ ಬಂದವನು ಮೊದಲು ಕೇಳಿದ್ದು, "ಇನ್ನೊಮ್ಮೆ ಅನ್ನು."

ನಿಂಬೆವ್ವ ಸೊಂಟದ ಸೆರಗು ತೆಗೆದು ತಲೆ ಮೇಲೆ ಎಳೆದುಕೊಂಡಳು. "ಏನ್ರೀ, ಗಾಡಿ ಹತ್ತರಿ" ಅಂದಳು.

ಅವನು ಹತ್ತಿದ. ಸ್ಪಂಜಿಲ್ಲದ ಸೀಟು ಮುಟ್ಟಿ ನೋಡಿ, ಯಾರು ತಿಂದದ್ದು ಇದನ್ನ ಅಂದ. ನೀವು ಬಿಟ್ಟ ಕಡಬ ತಿಂದವರು ಅಂದಳು. ಅವನು ಸ್ಟೇರಿಂಗ್ ಹಿಡಿದ. ಮೀರಾಸಾಬ ಹಿಂದಿನ ಸೀಟಿಗೆ ಹೋಗಿ ಕೂತ.

ಊರ ಹೊರಗಿನ ತಿರುವು ಬಂತು. ಗಣಪ್ಪನ ಹೆಬ್ಬೆರಳು ತಾನಾಗೇ ಹಾರ್ನಿನ ಗುಂಡಿಗೆ ಹೋಯಿತು. ಸದ್ದಿಲ್ಲ. ಪಕ್ಕದಲ್ಲಿ ಕೂತವಳು ರಸ್ತೆಯನ್ನೇ ನೋಡುತ್ತಾ ಸೆರಗಿನೊಳಗೇ ಅಂದಳು: "ಪೋಂ, ಪೋಂ, ಪೋಂ."

ಆ ಗಾಡಿಗೆ ಇವತ್ತಿಗೂ ಹಾರ್ನ್ ಹಾಕಿಸಿಲ್ಲ. ಇಲಿಗೆ ಬುಟ್ಟಿ ಸಿಕ್ಕಿತು, ಗಣಪ್ಪನಿಗೆ ಹೆಸರು ಸಿಕ್ಕಿತು, ಕತೆ ತಿರುವು ದಾಟಿ ಮನೆ ಸೇರಿತು. ನೀವೂ ಏಳಿ. ಹೋಗುವಾಗ ನಿಂತ ಗಾಡಿಯ ಸೀಟು ಒಂದು ಸಲ ಎತ್ತಿ ನೋಡಿ. ನಿಮಗೆ ಯಾರೋ ಬರೆದಿಟ್ಟದ್ದು ಅಲ್ಲಿರಬಹುದು.