ಕಿರಾಲುಬೋಗಿಯಲ್ಲಿ ಹತ್ತು ತೂತು

ವಯರಿಲ್ಲದ ಯಂತ್ರ ಕೊಂಡವರೇ, ಕೊಳ್ಳಲಿರುವವರೇ, ಕೊಂಡು ಕೆಟ್ಟವರೇ, ಕೊಲ್ಲಿಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದವರೇ, ತಂದದ್ದನ್ನು ಅಂಗಳದಲ್ಲಿ ಬಾಯಿ ತೆರೆದು ನೋಡಿದ ದೇರೆಬೈಲಿನ ಸಮಸ್ತ ಮಹಾಜನರೇ! ತಮ್ಮೆಲ್ಲರ ಸನ್ನಿಧಿಯಲ್ಲಿ, ಹಾಗೂ ಈ ಠಾಣೆಯ ದಫೇದಾರ್ ಸಮದ್ ಅವರ ಸಮಕ್ಷಮದಲ್ಲಿ, ಲೋಕನಾಥ, ತಂದೆ ದಿವಂಗತ ಬೂಬ, ಪ್ರಾಯ 45 ವರ್ಷ, ವಿದ್ಯಾಭ್ಯಾಸ ಬಿ.ಎ. (ಕನ್ನಡ), ಕಸುಬು ಹಂಪನಕಟ್ಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್, ವಾಸ ದೇರೆಬೈಲ್, ಮಂಗಳೂರು, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ಈ ಹೇಳಿಕೆಯನ್ನು ದಫೇದಾರರು ಬರೆದುಕೊಳ್ಳಬೇಕಾಗಿತ್ತು. ನಾನು ಪದವೀಧರನೆಂದು ತಿಳಿದ ಕೂಡಲೇ ಕಾಗದವನ್ನು ನನ್ನ ಕಡೆಗೆ ದೂಡಿ, ನೀವೇ ಬರೆಯಿರಿ ಮಾರಾಯ್ರೆ, ನನ್ನ ಬೆರಳಿಗೆ ನೋವುಂಟು ಎಂದರು. ಯಾರು ಏನು ಹೇಳಿದರೋ ಹಾಗೆಯೇ ಬರೆಯಬೇಕು, ಪ್ರಾಸ ಹಾಕಬಾರದು ಎಂದೂ ಸೂಚಿಸಿರುತ್ತಾರೆ. ಮೊದಲನೆಯದನ್ನು ಪಾಲಿಸುತ್ತೇನೆ. ಮಾತುಕತೆಯೆಲ್ಲ ತುಳುವಿನಲ್ಲಿ ನಡೆದದ್ದು, ಕನ್ನಡಕ್ಕೆ ತಂದದ್ದು ನಾನು.

ಈಗ ದಿನಾಂಕ 3-2-1987 ಮಂಗಳವಾರ, ಬೆಳಿಗ್ಗೆ 11.20. ನಾನು ಕುಳಿತ ಮೇಜಿನಿಂದ ಎಂಟು ಅಡಿ ದೂರದ ಬೆಂಚಿನಲ್ಲಿ ಶೀನಪ್ಪ ಆಚಾರಿ, ಪ್ರಾಯ 58, ಮರಗೆಲಸ, ಇವರು ಕುಳಿತಿರುತ್ತಾರೆ. ನನ್ನ ಹೆಂಡತಿ ಕುಶಲಾಳ ತಮ್ಮನಾದ ಚಿತ್ತರಂಜನನ ಬ್ಯಾಟರಿ ಬೈರಿಗೆಯನ್ನು, ಅಂದರೆ ಮರಕ್ಕೆ ತೂತು ಕೊರೆಯುವ ಯಂತ್ರವನ್ನು, ಕದ್ದರೆಂಬ ಅನುಮಾನದ ಮೇಲೆ ಅವರನ್ನು ಕರೆತರಲಾಗಿದೆ. ಉಳಿ, ಸುತ್ತಿಗೆ ಇತ್ಯಾದಿ ಇರುವ ಅವರ ಹತ್ಯಾರಿನ ಪೆಟ್ಟಿಗೆ ಮೇಜಿನ ಕೆಳಗಿದೆ. ಆಚಾರಿ ಮನೆಗೆ ಹೋಗುವುದೋ ಕೋರ್ಟಿಗೆ ಹೋಗುವುದೋ ಎಂಬುದು ನನ್ನ ಹೇಳಿಕೆಯ ಮೇಲೆ ಉಂಟು ಎಂದು ದಫೇದಾರರು ಹೇಳಿದ್ದಾರೆ. ಇನ್ನು ನಡೆದದ್ದು ನಡೆದ ಕ್ರಮದಲ್ಲಿ.

ಚಿತ್ತರಂಜನನು ಒಂಬತ್ತು ವರ್ಷಗಳಿಂದ ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದು, ದಿನಾಂಕ 25-1-1987ರಂದು ರಜೆಯಲ್ಲಿ ಬಂದನು. ದೇರೆಬೈಲಿನಲ್ಲಿ ನನ್ನ ಮನೆಯಿಂದ 350 ಮೀಟರ್ ದೂರದಲ್ಲಿ ಅವನ ಹೊಸ ಮನೆ ಆಗುತ್ತಿದೆ. ಬಾಗಿಲು, ಕಿಟಕಿ, ದಾರಂದ ಅಂದರೆ ಬಾಗಿಲಿನ ಚೌಕಟ್ಟು, ಎಲ್ಲವೂ ಶೀನಪ್ಪ ಆಚಾರಿಯವರ ಕೆಲಸ. ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ದಿನ ನೋಡಿ ಆಗಿದೆ. ಕೈಕೆಲಸ ನಿಧಾನವೆಂದು ದಮ್ಮಾಮಿನಲ್ಲೇ ತೀರ್ಮಾನಿಸಿಕೊಂಡಿದ್ದ ಚಿತ್ತರಂಜನನು ಮೂರು ಯಂತ್ರಗಳನ್ನು ತಂದಿದ್ದನು. ಒಂದು ಕಿತ್ತಳೆ ಬಣ್ಣದ ಬೈರಿಗೆ, ಒಂದು ಹಸಿರು ಬಣ್ಣದ ಬೈರಿಗೆ, ಒಂದು ಹುಲ್ಲು ಕತ್ತರಿ. ಮೂರಕ್ಕೂ ವಯರಿಲ್ಲ. ಜೊತೆಗೆ ಬೈರಿಗೆಯ ಮೂತಿಗೆ ಸಿಕ್ಕಿಸುವ ಕೊರೆಮೊಳೆಗಳ, ಅಂದರೆ ಬಿಟ್ಟುಗಳ, ಡಬ್ಬಿ, ಮರ ಉಜ್ಜುವ ಕಾಗದದ ತಟ್ಟೆಗಳು, ಹಾಗೂ ಬೈರಿಗೆಯನ್ನು ಸೊಂಟಕ್ಕೆ ಸಿಕ್ಕಿಸುವ ಚರ್ಮದ ಚೀಲ. ಆ ಚೀಲ ಕಟ್ಟಿಕೊಂಡು ಅವನು ಅಂಗಳದಲ್ಲಿ ನಡೆದಾಡಿದ್ದನ್ನು ನೋಡಿದರೆ ಈ ಠಾಣೆಯ ಇನ್‌ಸ್ಪೆಕ್ಟರರೂ ಎದ್ದು ನಿಲ್ಲುತ್ತಿದ್ದರು.

ಬಾವ, ನಿಮ್ಮ ಅಂಗಡಿಯಲ್ಲಿ ಇಂಥದ್ದು ಉಂಟಾ ಎಂದು ಕೇಳಿದನು. ಇಲ್ಲ, ನಮ್ಮಲ್ಲಿ ಕೆಲಸ ಮಾಡುವ ಸಾಮಾನು ಮಾತ್ರ ಉಂಟು ಎಂದೆನು.

ಇದರಿಂದ ಪರೀಕ್ಷೆಯೇ ಆಗಲಿ ಎಂದಾಯಿತು. ದಿನಾಂಕ 1-2-1987 ಭಾನುವಾರ ಬೆಳಿಗ್ಗೆ 10 ಗಂಟೆಗೆ ಹೊಸ ಮನೆಯ ಅಂಗಳದಲ್ಲಿ ನಾವು ಸೇರಿದೆವು. ನಾನು ಇಪ್ಪತ್ತೊಂದು ವರ್ಷ ಹತ್ಯಾರು ಮಾರಿದವನೆಂಬ ಕಾರಣಕ್ಕೆ ತೀರ್ಪುಗಾರನಾದೆನು. ವಾಚು ಇದ್ದುದೂ ನನ್ನ ಕೈಯಲ್ಲಿ ಮಾತ್ರ.

ಮೊದಲು ಹುಲ್ಲು ಕತ್ತರಿ. ಅದಕ್ಕೆ ಹದಿನಾರು ಗಂಟೆ ಚಾರ್ಜು ಕುಡಿಸಿ ತರಲಾಗಿತ್ತು. 10.05ಕ್ಕೆ ಬಾವಿಕಟ್ಟೆಯ ಬಳಿ ಆರಂಭಿಸಿ ಗರಿಕೆಯನ್ನು ಸುಮಾರು ಒಂದೂವರೆ ಚಾಪೆಯಷ್ಟು ಜಾಗ ಬೋಳಿಸಿತು. ಎಂತ ಅದು ತಮ್ಮ, ಕ್ಷೌರದ ಮೆಷಿನಾ ಎಂದು ಕುಶಲಾ ಕೇಳಿದಳು. ಅಕ್ಕ, ಹಿಂದೆ ನಿಲ್ಲು, ಕಾಲು ಹೋಗ್ತದೆ ಎಂದು ಚಿತ್ತರಂಜನನು ಎಚ್ಚರಿಸಿದನು. ಅಲ್ಲಿಂದ ಮುಂದೆ ನಾಚಿಕೆಮುಳ್ಳು. 10.11ಕ್ಕೆ ಬಳ್ಳಿ ಹಲ್ಲಿಗೆ ಸುತ್ತಿ, ಮುಳ್ಳೂ ಮುದುಡಿತು, ಮೆಷಿನೂ ಮುದುಡಿತು. ಉಳಿದದ್ದನ್ನು ಕುಶಲಾ ಕತ್ತಿಯಲ್ಲಿ ನಾಲ್ಕು ನಿಮಿಷದಲ್ಲಿ ಸವರಿ ಒಳಗೆ ಹೋದಳು. ಅವಳ ಕಾಲಿಗೆ ಏನೂ ಆಗಲಿಲ್ಲ.

ನಂತರ ಬೈರಿಗೆಗಳು. ದಾರಂದಕ್ಕೆ ತಂದ ಕಿರಾಲುಬೋಗಿಯ ಒಂದು ತುಂಡನ್ನು ಎರಡು ಕಲ್ಲಿನ ಮೇಲೆ ಇಡಲಾಯಿತು. ಕಿರಾಲುಬೋಗಿ ಎಂದರೆ ಮೊಳೆಯನ್ನು ಬಗ್ಗಿಸಿ ವಾಪಸು ಕಳಿಸುವ ಮರ. ಪ್ರತಿಯೊಬ್ಬರಿಗೆ ಹತ್ತು ತೂತು, ಕಾಲಿಂಚು ಅಗಲ, ಎರಡಿಂಚು ಆಳ.

ಕಿತ್ತಳೆಯು 10.32ಕ್ಕೆ ಆರಂಭಿಸಿ ಎರಡು ತೂತು ಕೊರೆದು, ಮೂರನೆಯದರ ಅರ್ಧದಲ್ಲಿ ನರಳಿ ನಿಂತಿತು. ಚಾರ್ಜು ಹಳೆಯದು ಎಂದ ಚಿತ್ತರಂಜನನು ಅದರ ಚಾರ್ಜರನ್ನು ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿದನು. ದಮ್ಮಾಮಿನಲ್ಲಿ ಅವನ ಕೋಣೆಯ ಕರೆಂಟು 110, ನಮ್ಮದು 230. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಅದು ಭಾರವೆಂದು ಅಲ್ಲೇ ಬಿಟ್ಟು ಆ ತೂಕಕ್ಕೆ ಹಾಲಿನ ಪುಡಿಯ ಡಬ್ಬ ತಂದಿದ್ದನು. 10.52ಕ್ಕೆ ಹೊಗೆ ಬಂತು. ಛೇ, ಈ ಊರಿನ ವೋಲ್ಟೇಜೇ ಸರಿ ಇಲ್ಲ ಎಂದು ಕೂಗಿದನು. ಅದಕ್ಕೆ ಶೀನಪ್ಪ ಆಚಾರಿಯವರು, ಊರಿನ ಕರೆಂಟು ಊರಿನ ಹಾಗೆಯೇ ಉಂಟು ಚಿತ್ತರಂಜಣ್ಣ, ನೀವು ಬೇರೆ ಊರಿನ ಡಬ್ಬಿ ಸಿಕ್ಕಿಸಿದ್ದು ಎಂದರು. ಬೇಲಿಯಾಚೆ ನಿಂತವರು ನಕ್ಕರು. ನಾನೂ ನಕ್ಕೆನು. ಚಿತ್ತರಂಜನನು ನಗಲಿಲ್ಲ. ಈ ನಗು ಕೇಸಿಗೆ ಮುಖ್ಯವೆಂದು ತಿಳಿದು ದಾಖಲಿಸಿರುತ್ತೇನೆ.

ಹಸಿರು ಬೈರಿಗೆಯ ಚಾರ್ಜರು ನಮ್ಮ ಕರೆಂಟಿನದ್ದೇ. ಅದನ್ನು ಬಾಂಬೆಯಲ್ಲಿ ಇಳಿದಾಗ ಯಾರೋ ಕೊಡಿಸಿದ್ದಂತೆ. ಅದು 11.10ಕ್ಕೆ ಆರಂಭಿಸಿ 11.19ಕ್ಕೆ ಹತ್ತು ತೂತು ಮುಗಿಸಿತು. ನಡುವೆ ಒಮ್ಮೆ ಬ್ಯಾಟರಿ ಬದಲಿಸಬೇಕಾಯಿತು. ಹಿಡಿಯ ಬುಡದಿಂದ ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ಟಕ್ ಎನ್ನುತ್ತದೆ. ತೂಕ ಸುಮಾರು ಒಂದೂವರೆ ಕೆ.ಜಿ. ಬೆರಳು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ತಿರುಗುತ್ತದೆ. ಹಿಡಿಯು ನನ್ನ ಬಲಗೈಗೆ ಕೂರುತ್ತದೋ ಎಂಬುದನ್ನು ಪರೀಕ್ಷೆಯ ದೃಷ್ಟಿಯಿಂದ ಮಾತ್ರ ನೋಡಿರುತ್ತೇನೆ. ಕೂರುತ್ತದೆ.

ಶೀನಪ್ಪ ಆಚಾರಿಯವರು ತಮ್ಮ ಕೈಬೈರಿಗೆಯಲ್ಲಿ 11.25ಕ್ಕೆ ಆರಂಭಿಸಿ 11.59ಕ್ಕೆ ಹತ್ತನೆಯ ತೂತು ಮುಗಿಸಿದರು. ಆರನೆಯದರ ನಂತರ ಒಂದು ಲೋಟ ನೀರು ಕುಡಿದು, ಬಲಭುಜವನ್ನು ಎರಡು ಸಲ ತಿರುಗಿಸಿಕೊಂಡರು.

ನಾನು ತೀರ್ಪು ಕೊಟ್ಟೆನು. ಹಸಿರಿಗೆ ಎರಡು ಬ್ಯಾಟರಿ, ಆಚಾರಿಗೆ ಒಂದು ಲೋಟ ನೀರು. ಆದ್ದರಿಂದ ಕೈ ಮೊದಲು, ಹಸಿರು ಎರಡು, ಕಿತ್ತಳೆಗೆ ಸಂತಾಪ. ಇದನ್ನೆಲ್ಲ ಆಟದ ಸಾಮಾನಿನ ಅಂಗಡಿಯಲ್ಲಿ ಇಡಬೇಕು, ತಂದವನಿಗೆ ಗೊತ್ತಿಲ್ಲ, ಕೊಂಡವನಿಗೆ ಗತಿಯಿಲ್ಲ ಎಂದೂ ಹೇಳಿದೆನು. ಬಾವ, ನಿಮಗೆ ಪುಕ್ಕಟೆ ಕೊಟ್ಟರೂ ಬೇಡವಾ ಎಂದು ಚಿತ್ತರಂಜನನು ಕೇಳಿದನು. ಬೇಡ, ಇಡಲಿಕ್ಕೆ ಜಾಗ ದಂಡ ಎಂದೆನು. ಇದಕ್ಕೆ ಸಾಕ್ಷಿಗಳು ಹನ್ನೊಂದು ಮಂದಿ.

ಆದರೆ ಗೆದ್ದ ಆಚಾರಿಯವರು ಹಸಿರು ಬೈರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಇದು ಒಳ್ಳೆ ಹತ್ಯಾರು ಲೋಕನಾಥಣ್ಣ, ಸುಳ್ಳು ಹೇಳಬಾರದು. ಇಪ್ಪತ್ತು ವರ್ಷ ಮೊದಲು ಬಂದಿದ್ದರೆ ನನ್ನ ಭುಜ ಉಳಿಯುತ್ತಿತ್ತು ಎಂದರು. ಇದಕ್ಕೂ ಸಾಕ್ಷಿಗಳು ಅದೇ ಹನ್ನೊಂದು ಮಂದಿ.

12.50ಕ್ಕೆ ಊಟ. 2.10ಕ್ಕೆ ಚಿತ್ತರಂಜನನು ಚಾಪೆಯಲ್ಲಿ ಅಡ್ಡಾದನು. ಹೆಂಗಸರು ಹಿಂದಿನ ಚಾವಡಿಯಲ್ಲಿದ್ದರು. 2.30ಕ್ಕೆ ಆಚಾರಿಯವರು ಪೆಟ್ಟಿಗೆ ಹೊತ್ತು ಹೊರಟರು. 3.05ಕ್ಕೆ ಎದ್ದ ಚಿತ್ತರಂಜನನು ಹಸಿರು ಬೈರಿಗೆ, ಅದರ ಎರಡು ಬ್ಯಾಟರಿ ಹಾಗೂ ಚಾರ್ಜರು ಇಲ್ಲವೆಂದು ಬೊಬ್ಬೆ ಹಾಕಿದನು. ನಾನು ಅವನ ಜೊತೆ ಸೇರಿ ಜಗಲಿ, ಮರಳು ರಾಶಿ, ಬಾವಿಕಟ್ಟೆ ಹುಡುಕಿರುತ್ತೇನೆ.

ದಿನಾಂಕ 2-2-1987 ಸೋಮವಾರ ಬೆಳಿಗ್ಗೆ ಅವನು ಠಾಣೆಗೆ ದೂರು ಕೊಟ್ಟನು. ಯಾರ ಮೇಲೆ ಅನುಮಾನ ಎಂದು ದಫೇದಾರರು ಕೇಳಿದ್ದಕ್ಕೆ, ಹೊಗಳಿದವರು ಒಬ್ಬರೇ ಸಾರ್, ನಮ್ಮ ಬಾವನಿಗಂತೂ ಅದನ್ನು ಕಂಡರೆ ಆಗುವುದೇ ಇಲ್ಲ ಎಂದನು. 11.30ಕ್ಕೆ ಆಚಾರಿಯವರ ಮನೆಯಲ್ಲಿ ಪೆಟ್ಟಿಗೆ ತೆರೆದಾಗ, ಬಟ್ಟೆಯಲ್ಲಿ ಸುತ್ತಿದ ಕಾಲಿಂಚಿನ ಕಪ್ಪು ಬಿಟ್ಟು ಒಂದು ಸಿಕ್ಕಿತು. ಅದು ಹಸಿರು ಬೈರಿಗೆಯದ್ದೇ. ಕೊನೆಯ ತೂತಿನಲ್ಲಿ ಕಚ್ಚಿಕೊಂಡು ಉಳಿದಿತ್ತು, ಎಳೆದು ತೆಗೆದೆ, ಇವರು ಮಲಗಿದ್ದರು, ಮುಂದೆ ಕೆಲಸಕ್ಕೆ ಬರುವಾಗ ಕೊಡುವ ಎಂದು ಇಟ್ಟುಕೊಂಡೆ ಎಂದು ಆಚಾರಿಯವರು ಹೇಳಿದರು. ಹಲ್ಲು ಸಿಕ್ಕಿದಲ್ಲಿ ದವಡೆಯೂ ಇರಬೇಕಲ್ಲ ಎಂದು ಚಿತ್ತರಂಜನನು ಹೇಳಿದನು. ಸಂಜೆಯೊಳಗೆ ದೇರೆಬೈಲಿನ ಎರಡು ಮನೆಯವರು, ನಮ್ಮ ಕೆಲಸಕ್ಕೆ ಸದ್ಯ ಬರುವುದು ಬೇಡ ಎಂದು ಆಚಾರಿಯವರಿಗೆ ಹೇಳಿಕಳಿಸಿದ್ದಾರೆ.

ಇಂದು ಬೆಳಿಗ್ಗೆ 10.15ರಿಂದ ಅವರು ಬೆಂಚಿನಲ್ಲಿದ್ದಾರೆ. ಇಷ್ಟು ಬರೆಯುವಷ್ಟರಲ್ಲಿ 12.25 ಆಯಿತು. ದಫೇದಾರರು ಮೇಜಿನ ಕೆಳಗೆ ಪೆಟ್ಟಿಗೆಯ ಮೇಲೆ ಕಾಲು ಇಟ್ಟುಕೊಂಡಿದ್ದರು. ದಫೇದಾರ್ರೆ, ಕಾಲು ಸ್ವಲ್ಪ ಆಚೆ ಇಡ್ತೀರಾ, ಮುಚ್ಚಳ ಸಡಿಲ ಉಂಟು, ಒಳಗೆ ಕೀಸುಳಿ ಉಂಟು, ಅದರ ಅಲಗು ಹೋಗ್ತದೆ ಎಂದು ಆಚಾರಿಯವರು ಕೇಳಿದರು. ಇವತ್ತು ಬೆಳಿಗ್ಗೆಯಿಂದ ಅವರು ಕೇಳಿಕೊಂಡದ್ದು ಇದೊಂದೇ. ದಫೇದಾರರು ಕಾಲು ತೆಗೆದರು. ಆಮೇಲೆ ಆಚಾರಿಯವರು ನನ್ನ ಕಡೆಗೆ ತಿರುಗಿ, ಲೋಕನಾಥಣ್ಣ, ಆ ಕಪ್ಪು ಬಿಟ್ಟು ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಹೌದು ಅಂತಲೇ ಬರೆಯಿರಿ, ನನಗೋಸ್ಕರ ಅದನ್ನು ಬಿಡಬೇಡಿ, ನಾಳೆ ನಿಮ್ಮ ಹೆಸರು ಹಾಳಾಗುವುದು ಬೇಡ ಎಂದರು.

ಬೈರಿಗೆ ನನ್ನ ಮನೆಯ ಅಟ್ಟದಲ್ಲಿ ಉಂಟು.

ಭಾನುವಾರ 2.40ಕ್ಕೆ ನಾನೇ ತೆಗೆದುಕೊಂಡು ಹೋದದ್ದು. 350 ಮೀಟರ್ ಹೋಗಿ ಬರಲಿಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಎಲ್ಲರೂ ಏಳುವ ಮೊದಲು ವಾಪಸು ಬಂದು ಕುಳಿತಿದ್ದೆ. ಮಾರಲಿಕ್ಕಲ್ಲ, ಚಿತ್ತರಂಜನನಿಗೆ ಬುದ್ಧಿ ಕಲಿಸಲಿಕ್ಕೂ ಅಲ್ಲ. ನನಗೆ ಬೇಕಿತ್ತು, ಅಷ್ಟೇ. ಇಪ್ಪತ್ತೊಂದು ವರ್ಷ ಬೇರೆಯವರ ಕೈಗೆ ಹತ್ಯಾರು ಕೊಟ್ಟಿದ್ದೇನೆ, ನನ್ನದು ಅಂತ ಒಂದು ಇರಲಿಲ್ಲ. ಸೋಮವಾರ ಬೆಳಿಗ್ಗೆ ಕುಶಲಾ ಮೀನು ಮಾರ್ಕೆಟ್ಟಿಗೆ ಹೋಗಿದ್ದಾಗ ಅಂಗಡಿಯಿಂದ ತಂದಿಟ್ಟಿದ್ದ ಬಿಟ್ಟೊಂದನ್ನು ಸಿಕ್ಕಿಸಿ ಹಳೆಯ ಹಲಗೆಯೊಂದಕ್ಕೆ ಹದಿನೇಳು ತೂತು ಕೊರೆದೆ. ಒಂದೂ ಯಾವ ಕೆಲಸಕ್ಕೂ ಅಲ್ಲ. ಬಹಳ ಒಳ್ಳೆಯ ಯಂತ್ರ. ಆಚಾರಿಯವರ ಪೆಟ್ಟಿಗೆಯನ್ನು ಅವರಿಗೆ ಕೊಡಿ.

ಮೇಲೆ ಬರೆದ ಹೊತ್ತು, ದೂರ, ತೂತುಗಳ ಲೆಕ್ಕ ಎಲ್ಲವೂ ನಿಜ; ಆ ಯಂತ್ರದ ಬಗ್ಗೆ ನಾನು ಆಡಿದ ಹೀನಾಯದ ಮಾತು ಮಾತ್ರ ಸುಳ್ಳು. ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಾರೆ ಬರೆದು, ಆಚಾರಿಯವರಿಗೆ ಕೇಳುವಂತೆ ಓದಿ ಹೇಳಿ, ಸಹಿ ಹಾಕಿರುತ್ತೇನೆ.

ಸ್ಥಳ: ಮಂಗಳೂರು
ದಿನಾಂಕ: 3-2-1987, ಮಧ್ಯಾಹ್ನ 12.40

(ಸಹಿ) ಲೋಕನಾಥ