ಚಹಾ ಆರುವ ಮೊದಲೇ ಬಂದ ರಿಪೋರ್ಟು

ಕಲಬುರಗಿಯ ಎದೆರೋಗದ ಆಸ್ಪತ್ರೆಯೊಂದರಲ್ಲಿ, ಲ್ಯಾಬಿನ ಮುಂದಿನ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಕಮಲಾಪುರದ ಅರ್ಚಕರೊಬ್ಬರೂ ಅವರ ಹೆಂಡತಿಯೂ ಕೂತಿದ್ದರು. ಆಚಾರ್ಯರ ಎದೆಯಿಂದ ಸೂಜಿಯಲ್ಲಿ ನೀರು ತೆಗೆದಿದ್ದರು. ಅದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದ ಡಾಕ್ಟರು, ಇವರ ಚಹಾ ಆರುವ ಮೊದಲೇ ಬಂದು, ಕ್ಯಾನ್ಸರಿನ ಕಣ ಕಾಣಲಿಲ್ಲ ಎಂದು ಹೇಳಿ ಹೋದರು. ಆಚಾರ್ಯರ ಮುಖ ಬಾಡಿತು.

“ಛಲೋ ಸುದ್ದಿ ಬಂದದ. ಹಿಂಗ್ಯಾಕ ಕೂತೀರಿ?” ಎಂದರು ಹೆಂಡತಿ.

“ಇಷ್ಟು ಲಗೂ ಹೇಳ್ತಾರಂತ ಯಾರಿಗೆ ಗೊತ್ತಿತ್ತು? ಸೂಜಿ ಚುಚ್ಚಿದ ಕೂಡ್ಲೆ ಶ್ರೀಪಾದಗ ಫೋನ್ ಮಾಡೇನಿ.”

“ತಮ್ಮಗ? ಮಾತು ಬಿಟ್ಟು ಎಷ್ಟು ವರ್ಷಾತು. ಏನಂದ್ರಿ?”

“ನಂದಿನ್ನೇನದ, ನಾವು ಜಗಳಾಡಿದ ಗುಡಿ ಪೂಜಾದ ಪಾಳಿ ಪೂರಾ ನೀನೇ ತಗೋ ಅಂದೆ.”

“ಈಗ?”

“ಅಂವ ಅಳಕೋತ ಬಸ್ ಹತ್ಯಾನ. ವಾಪಸ್ ಕೊಡು ಅನ್ನಲಿಕ್ಕೆ ಬರ್ತದೇನು?”

“ಪಕ್ಕಾ ರಿಪೋರ್ಟ್ ಮುಂದಿನ ವಾರ ಬರ್ತದಂತ ಡಾಕ್ಟರೇ ಹೇಳ್ಯಾರಲ್ಲ.”

ಆಚಾರ್ಯರು ಚಹಾದ ಕಪ್ಪು ಎತ್ತಿಕೊಂಡರು.

“ಹಂಗಾರ ಒಂದು ವಾರ ಅಂವನೇ ಪೂಜಾ ಮಾಡ್ಲಿ. ಅಲ್ಲೀತನಕ ನೀ ಏನೂ ಹೇಳಬ್ಯಾಡ. ರಿಪೋರ್ಟ್ ಬಂದಮ್ಯಾಲ, ದೇವರು ಉಳಿಸಿದಾ ಅಂತ ನನ್ನ ಪಾಳಿ ಕೇಳ್ತೀನಿ.”

ತಾಸು ಕಳೆದ ಮೇಲೆ ಕೆಂಪು ಬಾಳೆಹಣ್ಣಿನ ಚೀಲ ಹಿಡಿದ ತಮ್ಮ ಬಾಗಿಲಲ್ಲಿ ಕಾಣಿಸಿದ. ಆಚಾರ್ಯರು ಪಕ್ಕೆ ಹಿಡಿದುಕೊಂಡು ಎದ್ದರು. ನರಳುತ್ತ, ಹೆಂಡತಿಯ ಹೆಗಲಿಗೆ ಭಾರ ಹಾಕಿ ಅತ್ತ ನಡೆದರು.

“ನೀರು ತಗದದ್ದು ಬಲಕ್ಕರೀ,” ಎಂದು ಆಕೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. “ನೀವು ಎಡಕ್ಕ ಹಿಡದೀರಿ.”