ಬ್ಯಾನರಿನ ಇನ್ನೊಂದು ತುದಿ

1997ರ ಜೂನ್ ತಿಂಗಳ ಒಂದು ಭಾನುವಾರ, ಉಡುಪಿ ಬಳಿಯ ಕಟಪಾಡಿಯ ಕುಸುಮಾವತಿ ವಾಷಿಂಗ್ಟನ್ನಿನ ಮೆಟ್ರೋ ರೈಲಿನಲ್ಲಿ ಒಬ್ಬಳೇ ಕುಳಿತಿದ್ದಳು. ಎದುರಿನ ಸೀಟಿನಲ್ಲಿ ಫಿಲಿಪ್ಪೀನ್ಸಿನ ಇಬ್ಬರು ಹೆಂಗಸರು ತಮ್ಮವರ ವರ್ಷದ ಮೆರವಣಿಗೆಗೆ ಹೊರಟಿದ್ದರು. ಹಿರಿಯಾಕೆ ಎರ್ಲಿಂಡಾಳ ತೊಡೆಯ ಮೇಲೆ ತನ್ನೂರಿನ ಹೆಸರು ಬರೆದು ಎರಡು ಕೋಲಿಗೆ ಸುತ್ತಿದ ಬಟ್ಟೆಯ ಬ್ಯಾನರ್ ಇತ್ತು. ಕಿರಿಯಾಕೆ ಮಾರಿವಿಕ್ ಬೇರೆ ದ್ವೀಪದವಳು, ಮನೆಮಾತೂ ಬೇರೆ. ಹಾಗಾಗಿ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು.

"ಇನ್ನೊಂದು ತುದಿ ಈ ಸಲ ಯಾರು ಹಿಡೀತಾರೆ?" ಮಾರಿವಿಕ್ ಕೇಳಿದಳು.

"ನನ್ನ ಗಂಡ ರೊಡೆಲ್ ಹಿಡೀತಿದ್ದ. ಈಗ ಅವನೇ ಇಲ್ವಲ್ಲ."

"ನಿಮ್ಮೂರಿನವರು ಬೇರೆ ಯಾರಾದ್ರೂ?"

"ಈ ಕಡೆಗೆ ಬಂದವರು ನಾನು, ಅವನು ಇಬ್ಬರೇ."

"ಮಗಳು?"

"ಬರ್ತಾಳೆ. ರಸ್ತೆ ಪಕ್ಕ ನಿಂತು ಫೋಟೋ ತೆಗೀತಾಳಂತೆ."

"ಹಾಗಾದ್ರೆ ನಾನೇ ಹಿಡೀತೀನಿ."

"ನೀನು ನಮ್ಮೂರಿನವಳು ಅಂತ ತಿಳಿದು ಯಾರಾದ್ರೂ ಮಾತಾಡಿಸಿದ್ರೆ?"

"ನಿಮ್ಮನ್ನ ತೋರಿಸ್ತೀನಿ."

"ಯಾರೂ ಮಾತಾಡಿಸಲ್ಲ, ಮಾರಿವಿಕ್. ಹೆಸರು ನೋಡಿ ನಮ್ಮೂರಿನವರು ಒಬ್ಬರಾದ್ರೂ ಓಡಿ ಬರ್ತಾರೆ ಅಂತ ಇಷ್ಟು ವರ್ಷ ಹಿಡಿದ್ವಿ. ಒಬ್ಬರೂ ಬರಲಿಲ್ಲ."

"ಈ ವರ್ಷ ಬರಬಹುದು."

ರೈಲು ನಿಂತಿತು. ಎರ್ಲಿಂಡಾ ಎದ್ದು ನಿಂತು, ಬ್ಯಾನರಿನ ಒಂದು ತುದಿಯನ್ನು ಮಾರಿವಿಕ್‌ಳ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ಏಣಿ ಹೊತ್ತವರಂತೆ ಹಿಡಿದು ಇಳಿದುಹೋದರು.

ಬಾಗಿಲು ಮುಚ್ಚಿಕೊಂಡಿತು. ಖಾಲಿ ಸೀಟನ್ನು ನೋಡುತ್ತ ಕುಸುಮಾವತಿ "ಕಟಪಾಡಿ" ಎಂದಳು, ಸ್ವಲ್ಪ ಗಟ್ಟಿಯಾಗಿಯೇ. ಪಕ್ಕದಲ್ಲಿ ಪೇಪರ್ ಓದುತ್ತಿದ್ದವನು ತಲೆ ಎತ್ತಲಿಲ್ಲ.